ಸಂಘದ ಅಂಕಿ-ಅಂಶಗಳೂ ನಮ್ಮ ತೀರ್ಮಾನಗಳೂ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಶಿಕ್ಷಣ ಶಿಬಿರದಲ್ಲಿ, ನೆರೆಯ ತಾಲ್ಲೂಕಿನ ಸಂಘವೊಂದರ ನಿವೃತ್ತ ಕಾರ್ಯದರ್ಶಿಗಳು ಮಾಡಿದ ಭಾಷಣದ ಬರಹ ರೂಪ)



ನಿಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಹೊತ್ತಿನಲ್ಲಿ ನಮ್ಮನ್ನೂ ಕರೆದು ಎರಡು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಆಹ್ವಾನ ಪತ್ರಿಕೆಯಲ್ಲಿ ನಮ್ಮ ಹೆಸರಿನ ಮುಂದೆ ‘ವ್ಯವಹಾರದಲ್ಲಿ ಅಂಕಿ-ಅಂಶಗಳ ಬಳಕೆ’ ಅಂತ ಅಚ್ಚು ಹಾಕಿಸಿದ್ದಾರೆ. ಅದನ್ನು ಓದಿದ ಕೂಡಲೇ ಅರ್ಧ ಜನ ‘ಊಟದ ಹೊತ್ತಿಗೆ ಹೋದರಾಯ್ತು’ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಅಂಕಿ-ಅಂಶ ಅಂದರೆ ಆಡಿಟರ್ ಸಾಹೇಬರ ಕೆಲಸ, ಒಕ್ಕೂಟದ ಕಚೇರಿಯವರ ಕೆಲಸ, ನಮಗೇನು ಅನ್ನೋ ಭಾವನೆ ನಮಗೂ ಬಹಳ ವರ್ಷ ಇತ್ತು. ಕಾರ್ಯದರ್ಶಿ ಕುರ್ಚಿಯಲ್ಲಿ ಕೂತಿದ್ದಾಗಲೇ ಇತ್ತು. ಅದು ಹೇಗೆ ಬಿಟ್ಟುಹೋಯ್ತು ಅಂತ ಹೇಳೋದೇ ಇವತ್ತಿನ ನಮ್ಮ ಭಾಷಣ. ಇದರಲ್ಲಿ ಬರುವ ತಪ್ಪುಗಳೆಲ್ಲ ನಮ್ಮ ಸಂಘದ್ದೇ, ನಿಮ್ಮದಲ್ಲ. ಆದ್ದರಿಂದ ಧೈರ್ಯವಾಗಿ ಕೇಳಬಹುದು.

ಸಹಕಾರದ ಚರಿತ್ರೆ ನಿಮಗೆ ಗೊತ್ತಿರೋದೇ. 1904ರಲ್ಲಿ ಕಾಯ್ದೆ ಬಂತು. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಹಾಲಿನ ಸಹಕಾರ ಗುಜರಾತಿನ ಆನಂದದಲ್ಲಿ 1946ರಲ್ಲಿ ಬೇರು ಬಿಟ್ಟಿತು. ನಮ್ಮ ರಾಜ್ಯದಲ್ಲಿ 1974ರಲ್ಲಿ ಡೇರಿ ಅಭಿವೃದ್ಧಿ ನಿಗಮ ಶುರುವಾಗಿ, 1984ರಲ್ಲಿ ಹಾಲು ಮಹಾಮಂಡಳಿ ಆಯ್ತು. ಇದನ್ನೆಲ್ಲ ಹೇಳಿದ್ದು ಒಂದೇ ಕಾರಣಕ್ಕೆ. ಡೈರಿ ಬರೋಕೆ ಮುಂಚೆ ಹಾಲಿನವನು ಮನೆ ಬಾಗಿಲಿಗೆ ಬಂದು ಕಣ್ಣಂದಾಜಿನಲ್ಲಿ ಅಳೆದು, ಬಾಯಂದಾಜಿನಲ್ಲಿ ದುಡ್ಡು ಕೊಟ್ಟು ಹೋಗ್ತಿದ್ದ. ಡೈರಿ ಬಂದ ಮೇಲೆ ಎದುರಿಗೇ ಅಳತೆ, ಎದುರಿಗೇ ಪರೀಕ್ಷೆ, ಎದುರಿಗೇ ಬರಹ. ಗುಣಕ್ಕೆ ತಕ್ಕ ಬೆಲೆ. ಅಂದರೆ ಹಾಲಿನ ಸಂಘದ ಪಾಯ ಹಾಕಿದ್ದೇ ಅಂಕಿಗಳ ಮೇಲೆ.

ಒಂದು ಲೆಕ್ಕ ಮಾಡಿ. ದಿನಕ್ಕೆ ಎರಡು ಹೊತ್ತು, ವರ್ಷಕ್ಕೆ 730 ಹೊತ್ತು. 150 ಮನೆ ಹಾಲು ಹಾಕುವ ಸಂಘದಲ್ಲಿ ವರ್ಷಕ್ಕೆ 1,09,500 ಸಾರಿ ಹಾಲು ಅಳೆದು ಬರೀತಾರೆ. ಪ್ರತಿ ಸಾರಿಯೂ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು, ದುಡ್ಡು ಎಷ್ಟು. ಪೇಟೆಯ ದೊಡ್ಡ ಅಂಗಡಿ ಶೆಟ್ಟರ ಹತ್ತಿರವೂ ತಮ್ಮ ಗಿರಾಕಿಗಳ ಬಗ್ಗೆ ಇಷ್ಟು ವಿವರ ಇರಲಿಕ್ಕಿಲ್ಲ. ಆದರೆ ನಮ್ಮಲ್ಲಿ ಏನಾಗ್ತಿತ್ತು? ಬಟವಾಡೆ ದಿನ ಒಂದು ಸಾರಿ ಕೂಡಿಸಿ, ದುಡ್ಡು ಹಂಚಿ, ಸಹಿ ಹಾಕಿಸಿ, ಪುಸ್ತಕಕ್ಕೆ ದಾರ ಕಟ್ಟಿ ಅಟ್ಟಕ್ಕೆ ಎಸೀತಿದ್ವಿ. ಅಲ್ಲಿ ಇಲಿ ಓದ್ತಿತ್ತು. ಈಗ ಕಂಪ್ಯೂಟರ್ ಬಂದಿದೆ, ಎಲ್ಲಾ ತಾನೇ ತಾನಾಗಿ ಬರೆದುಕೊಳ್ಳುತ್ತೆ. ಅಟ್ಟದ ಬದಲು ಪೆಟ್ಟಿಗೆಯೊಳಗೆ ಇದೆ, ಅಷ್ಟೇ ವ್ಯತ್ಯಾಸ.

ಈಗ ನಮ್ಮ ಕಥೆಗೆ ಬರೋಣ. ನಮ್ಮ ಸಂಘದಲ್ಲಿ ಒಬ್ಬ ಹಾಲು ಪರೀಕ್ಷಕ ಹುಡುಗ ಇದ್ದ. ಎಸ್.ಎಸ್.ಎಲ್.ಸಿ. ಓದಿದವನು, ತಂದೆ ಇಲ್ಲದವನು. ಆಗಿನ್ನೂ ಗರ್ಬರ್ ಪದ್ಧತಿ. ಗಾಜಿನ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಜಡಿದು, ಯಂತ್ರದಲ್ಲಿ ಗಿರಗಿರ ತಿರುಗಿಸಬೇಕು. ಆಸಿಡ್ ಸಿಡಿದು ಅವನ ಅಂಗಿಗಳೆಲ್ಲ ತೂತು. ಒಂದು ವರ್ಷ ಏನಾಯ್ತಪ್ಪ ಅಂದ್ರೆ, ನಮ್ಮ ಪುಸ್ತಕದ ಫ್ಯಾಟಿಗೂ ಒಕ್ಕೂಟದಿಂದ ಬರುವ ಚೀಟಿಯ ಫ್ಯಾಟಿಗೂ ತಾಳೆಯೇ ಆಗಲಿಲ್ಲ. ನಮ್ಮ ನಿರ್ದೇಶಕರೊಬ್ಬರು ಲೆಕ್ಕದಲ್ಲಿ ಬುದ್ಧಿವಂತರು ಅಂತ ಹೆಸರಾದವರು. ಕ್ಯಾಲ್ಕುಲೇಟರ್ ಹಿಡಿದು ಕೂತರು. ಒಂದು ಬೆಳಗಿನ ಎಲ್ಲರ ಫ್ಯಾಟನ್ನೂ ಕೂಡಿಸಿ, ತಲೆ ಎಣಿಸಿ ಭಾಗಿಸಿದರು. ಸರಾಸರಿ 4ಕ್ಕಿಂತ ಮೇಲೆ ಬಂತು. ಒಕ್ಕೂಟದ ಚೀಟಿಯಲ್ಲಿ 3.5ರ ಆಸುಪಾಸು. ‘ನಡುವೆ ಕೆನೆ ಎಲ್ಲಿಗೆ ಹೋಯ್ತು?’ ಅಂದರು. ಊರಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಹತ್ತು ಜನ ಉತ್ತರ ಕೊಡ್ತಾರೆ. ಸಂಜೆಯೊಳಗೆ ಹುಡುಗ ಕೆನೆ ಕದಿಯುತ್ತಾನೆ, ಅವರ ಮನೆಯಲ್ಲಿ ತುಪ್ಪ ಕಾಯಿಸುವ ವಾಸನೆ ಬಂತು, ಅನ್ನೋ ತನಕ ಬಂತು.

ಮಂಡಳಿಯ ಸಭೆ ಕರೆದರು. ಅವನನ್ನು ತೆಗೆಯುವ ನಿರ್ಣಯದ ಕರಡು ಬರೆದವರು ನಾವೇ. ಅದನ್ನು ಮುಚ್ಚಿಡೋದಿಲ್ಲ. ಸಭೆಗೆ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಪುಸ್ತಕ ತೆಗೆದು ಆ ಬೆಳಗಿನ ಹಾಲನ್ನು ಮತ್ತೆ ನೋಡಿದೆವು. ನಮಗೆ ಕಂಡದ್ದನ್ನು ಸಣ್ಣ ಲೆಕ್ಕದಲ್ಲಿ ತೋರಿಸ್ತೀವಿ, ಅಂಕಿ ಸುಲಭವಾಗಲಿ ಅಂತ ನಾವೇ ಹಿಡಿದದ್ದು.

ಒಂದು ಮನೆಯಲ್ಲಿ ಎಚ್.ಎಫ್. ಹಸುಗಳು. 40 ಲೀಟರ್ ಹಾಲು, ಫ್ಯಾಟ್ 3.3. ಇನ್ನು ಮೂರು ಮನೆಯಲ್ಲಿ ಒಂದೊಂದು ಜರ್ಸಿ. ಮೂರು ಮೂರು ಲೀಟರ್, ಫ್ಯಾಟ್ 4.5. ನಾಲ್ಕು ಅಂಕಿ ಕೂಡಿಸಿ ನಾಲ್ಕರಿಂದ ಭಾಗಿಸಿದರೆ 4.2. ನಮ್ಮ ನಿರ್ದೇಶಕರು ಮಾಡಿದ್ದು ಇದು. ಆದರೆ ಕ್ಯಾನಿನೊಳಗೆ ಮನೆಗಳು ಬೀಳಲ್ಲ, ಹಾಲು ಬೀಳುತ್ತೆ. 40 ಲೀಟರಿಗೆ 3.3 ಗುಣಿಸಿದರೆ 132. 9 ಲೀಟರಿಗೆ 4.5 ಗುಣಿಸಿದರೆ 40.5. ಒಟ್ಟು 172.5. ಅದನ್ನು 49 ಲೀಟರಿನಿಂದ ಭಾಗಿಸಿ ನೋಡಿ, 3.52. ಒಕ್ಕೂಟದವರು ಕ್ಯಾನಿನ ಹಾಲನ್ನು ಪರೀಕ್ಷೆ ಮಾಡ್ತಾರೆ. ಅವರಿಗೆ 3.5 ಬರದೆ 4.2 ಹೇಗೆ ಬಂದೀತು? ಕೆನೆ ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಭಾಗಾಕಾರ ತಪ್ಪಿತ್ತು.

ಬೆಳಿಗ್ಗೆ ಸಭೆಯಲ್ಲಿ ಬಾಯಲ್ಲಿ ಹೇಳಿದ್ರೆ ಯಾರೂ ಒಪ್ಪಲಿಲ್ಲ. ‘ಸೆಕ್ರೆಟ್ರಿ ಹುಡುಗನ ಪರ’ ಅಂದರು. ಕೊನೆಗೆ ನಾಲ್ಕು ಚೊಂಬು ತರಿಸಿದೆವು. ಒಂದು ದೊಡ್ಡದು, ಮೂರು ಸಣ್ಣವು. ದೊಡ್ಡದರ ತುಂಬ ನೀರು, ಸಣ್ಣವುಗಳಲ್ಲಿ ಪಾನಕ. ಎಲ್ಲವನ್ನೂ ಒಂದು ಬಕೆಟ್ಟಿಗೆ ಸುರಿದು, ‘ನಾಲ್ಕರಲ್ಲಿ ಮೂರು ಪಾನಕ ಅಲ್ವೇ, ಸಿಹಿ ಇರಬೇಕಲ್ಲ, ಕುಡಿದು ನೋಡಿ’ ಅಂದೆವು. ಕ್ಯಾಲ್ಕುಲೇಟರಿನ ನಿರ್ದೇಶಕರೇ ಮೊದಲು ಕುಡಿದರು. ಸಪ್ಪೆ. ಅವರು ದೊಡ್ಡ ಮನುಷ್ಯರು, ಎದ್ದು ನಿಂತು ‘ತಪ್ಪಾಯ್ತು’ ಅಂದರು. ನಿರ್ಣಯದ ಕರಡನ್ನು ನಾವು ಅಲ್ಲೇ ಹರಿದೆವು. ಹುಡುಗ ಮಾತ್ರ ವಾರಗಟ್ಟಲೆ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಅಂಕಿ ಸರಿಹೋಯ್ತು, ಊರಿನ ಬಾಯಿಗೆ ಬಿದ್ದ ಹೆಸರು ಸರಿಹೋಗೋಕೆ ಇನ್ನೂ ಒಂದು ವರ್ಷ ಹಿಡೀತು.

ಅದೇ ಗಲಾಟೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು. ನಮ್ಮ ತೂಕದ ಯಂತ್ರ ತೋರಿಸ್ತಿದ್ದದ್ದು ಕೆ.ಜಿ., ಪುಸ್ತಕದ ತಲೆಬರಹ ಲೀಟರ್. ಒಂದು ಲೀಟರ್ ಹಾಲು ಸುಮಾರು 1.03 ಕೆ.ಜಿ. ತೂಗುತ್ತೆ. 40 ಲೀಟರಿನ ಕ್ಯಾನು ತುಂಬಿದರೆ ಹಾಲೇ 41.2 ಕೆ.ಜಿ. ಸಾವಿರ ಕೆ.ಜಿ. ತೂಗಿ ಸಾವಿರ ಲೀಟರ್ ಅಂತ ಬರೆದು ಕಳಿಸಿದರೆ, ಆ ಕಡೆ ಅಳತೆ ಮಾಡಿದವರಿಗೆ 971 ಲೀಟರ್ ಸಿಗುತ್ತೆ. ಉಳಿದ 29 ಲೀಟರಿಗಾಗಿ ಲಾರಿ ಡ್ರೈವರ್ ಮೇಲೆ ಕಣ್ಣು ಹಾಕಿದ್ದೆವು! ನಿಮ್ಮ ಯಂತ್ರ ಏನು ತೋರಿಸುತ್ತೆ, ಅದು ಕೆ.ಜಿ.ಯಿಂದ ಲೀಟರಿಗೆ ತಿರುಗಿಸುತ್ತೋ ಇಲ್ಲವೋ ಅಂತ ಇವತ್ತೇ ಕೇಳಿ ತಿಳಿದುಕೊಳ್ಳಿ.

ಲೆಕ್ಕ ಮಾಡೋದು ಆಮೇಲಿನ ಮಾತು, ಬರೆದದ್ದು ನಿಜವಾಗಿರಬೇಕು. ಹಸು ಯಂತ್ರವಲ್ಲ. ಬೆಳಗಿನ ಹಾಲಿಗೂ ಸಂಜೆ ಹಾಲಿಗೂ ಫ್ಯಾಟ್ ಬೇರೆ ಬರುತ್ತೆ. ಎರಡು ಕರಾವಿನ ನಡುವೆ ಹೊತ್ತು ಕಮ್ಮಿಯಾದಷ್ಟು ಫ್ಯಾಟ್ ಹೆಚ್ಚು. ಕರೆಯುವಾಗ ಮೊದಲ ಹಾಲು ತೆಳ್ಳಗೆ, ಕೊನೆ ಹಾಲು ಗಟ್ಟಿ. ಕೊನೆ ಹಾಲನ್ನು ಕರುವಿಗೆ ಬಿಟ್ಟು ಮೊದಲಿನದನ್ನು ಡೈರಿಗೆ ತಂದರೆ ಫ್ಯಾಟ್ ಇಳಿಯದೇ ಇರುತ್ತಾ? ಒಣಮೇವು ಕಮ್ಮಿ ಮಾಡಿ ಬರೀ ಹಿಂಡಿ-ಬೂಸಾ ತಿನ್ನಿಸಿದರೂ ಇಳಿಯುತ್ತೆ. ಬಿಸಿ ಆರದ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಅದು ಕಡಿಮೆ ತೋರಿಸುತ್ತೆ, ನೀರು ಹಾಕದವನಿಗೂ ನೀರಿನ ಅಪವಾದ ಬರುತ್ತೆ. ಹೀಗೆ ಏರಿಳಿಯೋದೇ ಸಹಜ. ಯಾರದಾದರೂ ಲೆಕ್ಕದಲ್ಲಿ ಹದಿನೈದು ದಿನ ಎರಡೂ ಹೊತ್ತು 3.5, 3.5, 3.5 ಅಂತ ಇದ್ದರೆ ಅದನ್ನು ಕೊಟ್ಟದ್ದು ಹಸುವಲ್ಲ, ಪೆನ್ನು. ಅಂಥ ಪುಟದ ಮೇಲೆ ಎಷ್ಟು ಜಾಣ ಲೆಕ್ಕ ಹಾಕಿದರೂ ಪ್ರಯೋಜನವಿಲ್ಲ. ಪರೀಕ್ಷಕರನ್ನು ಬೈದರೆ ಅವರು ಮುಂದೆ ಸುರಕ್ಷಿತವಾದ ಅಂಕಿ ಬರೀತಾರೆ. ಇದು ಮನುಷ್ಯ ಸ್ವಭಾವ. ಆದ್ದರಿಂದ ಕಡಿಮೆ ಅಂಕಿ ಬರೆದವರ ಮೇಲೆ ರೇಗದೆ ಇರೋದನ್ನು ನಾವು ಸದಸ್ಯರು ಕಲಿಯಬೇಕು. ‘ಯಾಕೆ ಕಮ್ಮಿ ಬಂತು’ ಅಂತ ಕೇಳಬಹುದು, ಕೇಳಲೇಬೇಕು. ‘ಎಷ್ಟು ತಿಂದೆ’ ಅಂತ ಕೇಳಬಾರದು.

ಇನ್ನು ಮಹಾಸಭೆಯ ಮಾತು. ಕಾಯ್ದೆ ಪ್ರಕಾರ ಪ್ರತಿ ವರ್ಷ ಸೆಪ್ಟೆಂಬರ್ 25ರ ಒಳಗೆ ಸರ್ವ ಸದಸ್ಯರ ಸಭೆ ಆಗಬೇಕು. ನಮ್ಮ ಊರಲ್ಲೂ ಆಗ್ತಿತ್ತು. ಶಾಮಿಯಾನ, ಮೈಕು, ವೇದಿಕೆ ಮೇಲೆ ಹನ್ನೊಂದು ಕುರ್ಚಿ. ನಾವು ನಿಂತು ವರದಿ ಓದ್ತಿದ್ವಿ. ಜಮಾ-ಖರ್ಚು, ವ್ಯಾಪಾರ ತಃಖ್ತೆ, ಲಾಭ-ನಷ್ಟ, ಅಢಾವೆ ಪತ್ರಿಕೆ, ಹನ್ನೆರಡು ಪುಟ ಒಂದೇ ಉಸಿರಿಗೆ. ಪೈಸೆ ಸಮೇತ. ಜನ ಬೋನಸ್ ಎಷ್ಟು ಅಂತ ಕೇಳೋಕೆ ಕಾಯ್ತಿದ್ರು, ಅದು ಮುಗಿದ ಮೇಲೆ ಉಪ್ಪಿಟ್ಟು-ಕೇಸರಿಬಾತ್. ‘ಅಂಗೀಕಾರವೇ?’ ಅಂದ್ರೆ ‘ಅಂಗೀಕಾರ’. ನಾವೂ ಸಂತೋಷವಾಗಿದ್ವಿ, ಅವರೂ ಸಂತೋಷವಾಗಿದ್ರು.

ನಮ್ಮ ಸೇವೆಯ ಕೊನೆಯ ವರ್ಷಗಳಲ್ಲಿ ಮಂಡಳಿಗೆ ಒಂದು ಆಸೆ ಹುಟ್ಟಿತು. ದೊಡ್ಡ ಹಾಲು ಶೈತ್ಯ ಘಟಕ, ಅದಕ್ಕೊಂದು ಹೊಸ ಕಟ್ಟಡ. ಕಟ್ಟಡ ನಿಧಿಯನ್ನೆಲ್ಲ ಹಾಕಿ ಮೇಲೆ ಸಾಲವನ್ನೂ ಎತ್ತಬೇಕು. ಸದಸ್ಯರು ಒಪ್ಪಬೇಕಲ್ಲ, ಅದಕ್ಕೆ ಚೆನ್ನಾಗಿ ತೋರಿಸೋಣ ಅಂತ ಶಾಲೆಯ ಡ್ರಾಯಿಂಗ್ ಮೇಷ್ಟರ ಕೈಲಿ ಒಂದು ದೊಡ್ಡ ಚಿತ್ರಪಟ ಬರೆಸಿದೆವು. ಐದು ವರ್ಷಕ್ಕೆ ಐದು ಹಾಲಿನ ಕ್ಯಾನು. ಮೊದಲ ವರ್ಷಕ್ಕೂ ಕೊನೆಯ ವರ್ಷಕ್ಕೂ ಹಾಲು ಒಂದೂವರೆ ಪಟ್ಟು ಆಗಿತ್ತು. ಮೇಷ್ಟರು ಕಲಾವಿದರು. ಕ್ಯಾನಿನ ಎತ್ತರ ಒಂದೂವರೆ ಪಟ್ಟು ಮಾಡಿದರು, ಅಂದಗೆಡಬಾರದು ಅಂತ ಅಗಲವನ್ನೂ ಒಂದೂವರೆ ಪಟ್ಟು ಮಾಡಿದರು. ನೋಡೋ ಕಣ್ಣಿಗೆ ಅದು ಎರಡೂ ಕಾಲು ಪಟ್ಟು! ಜನ ಹೋ ಅಂತ ಚಪ್ಪಾಳೆ ತಟ್ಟಿದರು. ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಆದರೆ ಚಪ್ಪಾಳೆ ಬಿದ್ದಾಗ ತಿದ್ದಲೂ ಇಲ್ಲ.

ಆಗ ಕೆಳಗೇರಿಯ ಒಬ್ಬ ಅಜ್ಜಿ ಎದ್ದು ನಿಂತರು. ಮೈಕ್ ಬೇಡ ಅಂದರು. ‘ಸೆಕ್ರೆಟ್ರಪ್ಪ, ಮೊದ್ಲು ಬೆಳಗಾಗ್ತಿದ್ದಂಗೆ ನಮ್ ಕೇರಿಯೋರೆಲ್ಲ ಸಾಲಾಗಿ ಡೈರಿಗೆ ಬರ್ತಿದ್ವಿ. ಈಗ ನಾನು, ನಮ್ ವಾರಗಿತ್ತಿ, ಇಬ್ರೇ. ಹಾಲು ಜಾಸ್ತಿ ಆಯ್ತು ಅಂತೀಯ. ಎಲ್ಲಿಂದ ಬಂತಪ್ಪ?’ ಅಂದರು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಐದು ವರ್ಷದ ಹಾಲನ್ನು ಪೈಸೆ ತಪ್ಪದೆ ಲೆಕ್ಕ ಹಾಕಿದ್ದ ನಾವು, ಎಷ್ಟು ಮನೆ ಹಾಲು ಹಾಕ್ತವೆ ಅಂತ ಒಂದು ಸಾರಿಯೂ ಎಣಿಸಿರಲಿಲ್ಲ. ಷೇರು ಪುಸ್ತಕದಲ್ಲಿ ಹೆಸರುಗಳಿದ್ದವು, ಸಂಖ್ಯೆ ವರ್ಷ ವರ್ಷ ಏರ್ತಾನೇ ಇತ್ತು. ಷೇರು ತಗೊಂಡವರು ಯಾರೂ ವಾಪಸ್ ಕೊಡಲ್ಲವಲ್ಲ! ಆ ಸಂಖ್ಯೆಯನ್ನೇ ಸದಸ್ಯ ಬಲ ಅಂತ ಓದ್ತಿದ್ವಿ. ಅಜ್ಜಿಗೆ ‘ವಿಚಾರ ಮಾಡಿ ತಿಳಿಸ್ತೀವಿ ಅಮ್ಮ’ ಅಂದು, ಶೈತ್ಯ ಘಟಕದ ವಿಷಯ ಮುಂದೂಡಿ ಕೂತೆವು.

ಅಟ್ಟದಿಂದ ಪುಸ್ತಕ ಇಳಿಸಿದೆವು. ಐದೂ ವರ್ಷದ್ದು ಒಂದೇ ತಿಂಗಳು, ಜೂನ್ ತಿಂಗಳ ಪುಸ್ತಕ ಮಾತ್ರ. ಯಾಕೆ ಒಂದೇ ತಿಂಗಳು ಅಂದ್ರೆ, ಮಳೆ ಬಿದ್ದು ಹಸಿರು ಚಿಗುರಿದ ಕಾಲದ ಹಾಲನ್ನು ಬಿರುಬೇಸಿಗೆಯ ಹಾಲಿನ ಪಕ್ಕ ಇಟ್ಟರೆ ಏನೂ ಗೊತ್ತಾಗಲ್ಲ. ಜೂನಿಗೆ ಜೂನ್, ಮಾರ್ಚಿಗೆ ಮಾರ್ಚ್. ಸಾಲಿನಲ್ಲಿ ಹಾಲು ಹಾಕಿದ ಹೆಸರುಗಳನ್ನು ಎಣಿಸುತ್ತಾ ಹೋದೆವು. ಎರಡು ಸಂಜೆ ಸಾಕಾಯ್ತು. ಮೊದಲ ವರ್ಷ ಹಾಲು ಹಾಕ್ತಿದ್ದ ಹತ್ತು ಮನೆಯಲ್ಲಿ ನಾಲ್ಕು ಮನೆ ನಿಂತೇಹೋಗಿದ್ದವು. ಒಟ್ಟು ಹಾಲಿನಲ್ಲಿ ಅರ್ಧದ ಹತ್ತಿರ ಎಂಟೊಂಬತ್ತು ಮನೆಯದೇ. ಸಾಲ ಮಾಡಿ ಹತ್ತು-ಹನ್ನೆರಡು ಎಚ್.ಎಫ್. ಕಟ್ಟಿದ್ದವರು. ಅವರು ದುಡಿಯುವವರೇ, ಅವರ ಮೇಲೆ ನಮಗೆ ಅಸೂಯೆ ಇಲ್ಲ. ಆದರೆ ಅವರಲ್ಲಿ ಇಬ್ಬರು ನಾಳೆ ಖಾಸಗಿ ಡೈರಿಯವನಿಗೆ ಹಾಲು ಕೊಟ್ಟರೆ ನಮ್ಮ ಹೊಸ ಘಟಕ ಅರ್ಧ ಖಾಲಿ. ಸಾಲದ ಕಂತು ಮಾತ್ರ ಪೂರ್ತಿ. ಇದನ್ನು ಆ ಚಿತ್ರಪಟದ ಕ್ಯಾನುಗಳು ಹೇಳಿರಲಿಲ್ಲ.

ಯಾರು ನಿಂತರು ಅಂತ ಪುಸ್ತಕ ಹೇಳುತ್ತೆ. ಯಾಕೆ ನಿಂತರು ಅಂತ ಹೇಳಲ್ಲ. ಅದಕ್ಕೆ ಮನೆಗೇ ಹೋಗಬೇಕು. ಒಂದು ನೋಟ್ ಬುಕ್ ಹಿಡಿದು ನಾವೂ ಪರೀಕ್ಷಕ ಹುಡುಗನೂ ನಿಂತ ಮನೆಗಳಿಗೆಲ್ಲ ಹೋದೆವು. ನಾವು ಅಂದುಕೊಂಡಿದ್ದದ್ದು ಬೆಲೆ ಸಾಲದು ಅಂತಾರೆ ಅಂತ. ಅದನ್ನೂ ಅಂದರು. ಚರ್ಮಗಂಟು ರೋಗ ಬಂದ 2022ರಲ್ಲಿ ಹಸು ಕಳೆದುಕೊಂಡು ಮತ್ತೆ ಕಟ್ಟದೇ ಇದ್ದವರು ಇದ್ದರು. 2023ರ ಬರದಲ್ಲಿ ಮೇವಿಲ್ಲದೆ ಮಾರಿದವರಿದ್ದರು. ಆ ವರ್ಷ ರಾಜ್ಯದಲ್ಲಿ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು, ನಮ್ಮದೂ ಒಂದು. ಆದರೆ ಕೆಳಗೇರಿಯ ಮನೆ ಮನೆಯಲ್ಲೂ ಕೇಳಿದ್ದು ಬೇರೆ ಮಾತು. ಗಾರ್ಮೆಂಟ್ಸ್ ವ್ಯಾನು ಬೆಳಿಗ್ಗೆ ಆರೂವರೆಗೆ ಬರುತ್ತೆ, ಡೈರಿ ಬಾಗಿಲು ತೆಗೆಯೋದು ಆರೂವರೆಗೆ. ಹಾಲು ಕರೆಯುವವಳು ವ್ಯಾನ್ ಹತ್ತಿದ ಮೇಲೆ ಹಾಲು ತರೋರು ಯಾರು? ಒಬ್ಬೊಬ್ಬರಾಗಿ ಹಸು ಮಾರಿದರು. ಹಸು ಬಿಟ್ಟವರೆಲ್ಲ ಸೋಮಾರಿಗಳು ಅಂತ ಮಂಡಳಿಯಲ್ಲಿ ನಾವೇ ಮಾತಾಡಿದ್ದೆವು!

ಇನ್ನೊಂದು ವಿಷಯವೂ ಆಗ ಕಣ್ಣಿಗೆ ಬಿತ್ತು. ಷೇರು ಗಂಡನ ಹೆಸರಲ್ಲಿ, ಕೊಟ್ಟಿಗೆ ಕೆಲಸ ಹೆಂಡತಿಯದು. ಶಿಬಿರಕ್ಕೆ ಬಾ ಅಂತ ನೋಟೀಸು ಗಂಡನಿಗೆ. ಅವನು ಬಂದು ಊಟ ಮಾಡಿ ಹೋದ, ಹಸುವಿಗೆ ಏನು ತಿನ್ನಿಸಬೇಕು ಅನ್ನೋದು ಅವಳಿಗೆ ತಲುಪಲೇ ಇಲ್ಲ. ಇವತ್ತು ಇಲ್ಲಿ ಇಷ್ಟು ಜನ ಹೆಣ್ಣುಮಕ್ಕಳು ಕೂತಿದ್ದೀರಿ, ನಿಮ್ಮ ಸಂಘದವರು ನಮಗಿಂತ ಜಾಣರು.

ಮಂಡಳಿಯ ಮುಂದೆ ಎರಡು ಲೆಕ್ಕ ಇಟ್ಟೆವು. ಒಂದು, ಶೈತ್ಯ ಘಟಕ ಮತ್ತು ಕಟ್ಟಡಕ್ಕೆ ಆಗುವ ಖರ್ಚು, ಮಾಸಿಕ ಕಂತು, ಹಾಲು ಕಡಿಮೆಯಿರುವ ತಿಂಗಳಲ್ಲಿ ಆ ಕಂತು ಕಟ್ಟಲು ಆಗುತ್ತೋ ಇಲ್ಲವೋ. ನಾವು ಮೊದಲು ಮಾಡಿದ್ದ ಲೆಕ್ಕದಲ್ಲಿ ಹಾಲು ಹೆಚ್ಚಿರುವ ನಾಲ್ಕು ತಿಂಗಳನ್ನಷ್ಟೇ ಹಿಡಿದಿದ್ದೆವು. ವರ್ಷಕ್ಕೆ ಹನ್ನೆರಡು ಕಂತು ಅನ್ನೋದು ಮರೆತುಹೋಗಿತ್ತು. ಇನ್ನೊಂದು, ಡೈರಿಯನ್ನು ಮುಕ್ಕಾಲು ಗಂಟೆ ಮುಂಚೆ ತೆಗೆದು, ಕೆಳಗೇರಿಯ ಅರಳಿಕಟ್ಟೆ ಹತ್ತಿರ ಒಬ್ಬರನ್ನು ಕೂರಿಸಿ ಹಾಲು ಹಿಡಿದರೆ ಆಗುವ ಖರ್ಚು. ಎರಡನೆಯದು ಮೊದಲನೆಯದರ ಮುಂದೆ ಏನೇನೂ ಅಲ್ಲ. ಅದನ್ನೇ ಮಾಡಿದೆವು. ನಿಂತ ಮನೆಗಳಲ್ಲಿ ಕೆಲವು ಮತ್ತೆ ಹಸು ಕಟ್ಟಿದವು, ಎಲ್ಲವೂ ಅಲ್ಲ. ಶೈತ್ಯ ಘಟಕ ಎರಡು ವರ್ಷ ತಡವಾಗಿ, ಸಣ್ಣದು, ಸಾಲವಿಲ್ಲದೆ ಬಂತು. ನಮ್ಮ ಮಾಜಿ ಅಧ್ಯಕ್ಷರು ಇವತ್ತಿಗೂ ಸಿಕ್ಕಾಗೆಲ್ಲ ‘ಆಗಲೇ ತಗೊಂಡಿದ್ರೆ ಅಗ್ಗವಾಗ್ತಿತ್ತು’ ಅಂತಾರೆ. ಅವರ ಮಾತಿನಲ್ಲೂ ಸತ್ಯ ಇದೆ, ಅಲ್ಲ ಅನ್ನಲ್ಲ.

ಮುಂದಿನ ಮಹಾಸಭೆಗೆ ನಾವು ಹನ್ನೆರಡು ಪುಟ ಓದಲಿಲ್ಲ. ಕಾಯ್ದೆಗೆ ಬೇಕಾದ ತಃಖ್ತೆಗಳನ್ನು ಅಚ್ಚು ಹಾಕಿಸಿ ವಾರ ಮುಂಚೆ ಮನೆಮನೆಗೆ ಕೊಟ್ಟೆವು. ಡೈರಿ ಗೋಡೆಗೆ ಸುಣ್ಣ ಬಳಿದು ದಪ್ಪ ಅಕ್ಷರದಲ್ಲಿ ನಾಲ್ಕೇ ಸಾಲು ಬರೆಸಿದೆವು. ಈ ಜೂನಿನಲ್ಲಿ ಹಾಲು ಹಾಕಿದ ಮನೆ ಎಷ್ಟು, ಹೋದ ಜೂನಿನಲ್ಲಿ ಎಷ್ಟು. ಹಾಲು ಮಾರಿ ಬಂದ ಪ್ರತಿ ನೂರು ರೂಪಾಯಿಯಲ್ಲಿ ಉತ್ಪಾದಕರ ಕೈ ಸೇರಿದ್ದು ಎಷ್ಟು, ಸಂಬಳ-ಸಾದಿಲ್ವಾರಿಗೆ ಹೋದದ್ದು ಎಷ್ಟು. ಗುಣಮಟ್ಟವಿಲ್ಲದೆ ವಾಪಸ್ ಬಂದ ಹಾಲು ಎಷ್ಟು. ಪಶು ಆಹಾರದ ಬಾಕಿ ಎಷ್ಟು. ನಾಲ್ಕರಲ್ಲಿ ಎರಡು ನಮಗೆ ನಾಚಿಕೆ ತರುವಂಥವು. ಅವನ್ನು ಬಿಟ್ಟುಬಿಡಿ ಅಂದವರಿದ್ದರು. ಆದರೆ ಒಳ್ಳೆಯದನ್ನಷ್ಟೇ ಗೋಡೆಗೆ ಬರೆದರೆ ಅದನ್ನು ಜನ ಸಿನಿಮಾ ಪೋಸ್ಟರ್ ನೋಡಿದ ಹಾಗೆ ನೋಡ್ತಾರೆ. ಆ ವರ್ಷದ ಸಭೆ ಮೂರು ಗಂಟೆ ನಡೀತು. ಉಪ್ಪಿಟ್ಟು ಆರಿಹೋಯ್ತು. ಪಶು ಆಹಾರದ ಬಾಕಿ ಯಾರು ಯಾರದು ಅಂತ ಕೇಳಿದಾಗ ವೇದಿಕೆ ಮೇಲೆ ಕೂತಿದ್ದ ಇಬ್ಬರು ನೀರು ಕುಡಿದರು.

ಒಂದೇ ಅಂಕಿಯನ್ನು ಎರಡು ರೀತಿ ಹೇಳಬಹುದು, ಎರಡೂ ನಿಜವೇ ಆಗಿರಬಹುದು ಅನ್ನೋದಕ್ಕೆ ನಿಮಗೆಲ್ಲ ಗೊತ್ತಿರುವ ಒಂದು ಉದಾಹರಣೆ ಕೊಡ್ತೀವಿ. 2024ರ ಜೂನಿನಲ್ಲಿ ರಾಜ್ಯದ ಒಕ್ಕೂಟಗಳಿಗೆ ಬರುವ ಹಾಲು ದಿನಕ್ಕೆ ಒಂದು ಕೋಟಿ ಲೀಟರಿನ ಹತ್ತಿರ ಬಂದು, ತಿಂಗಳ ಕೊನೆಗೆ ಅದನ್ನು ಮುಟ್ಟಿತು. ಬಂದ ಹಾಲು ಖರ್ಚಾಗಬೇಕಲ್ಲ. ಮಹಾಮಂಡಳಿಯವರು ಪ್ಯಾಕೆಟ್ಟಿಗೆ 50 ಮಿ.ಲೀ. ಹೆಚ್ಚು ತುಂಬಿ 2 ರೂಪಾಯಿ ಹೆಚ್ಚು ತಗೊಂಡರು. ನೀಲಿ ಪ್ಯಾಕೆಟ್ಟು ಮೊದಲು ಲೀಟರಿಗೆ 42 ಇದ್ದದ್ದು, 1,050 ಮಿ.ಲೀ.ಗೆ 44 ಆಯ್ತು. ಪೇಟೆಯ ಗೃಹಿಣಿ ‘ಬೆಲೆ ಏರಿತು’ ಅಂದಳು. ಸರ್ಕಾರದವರು ‘ಏರಿಸಿಲ್ಲ’ ಅಂದರು. 44ನ್ನು 1.05ರಿಂದ ಭಾಗಿಸಿದರೆ ಲೀಟರಿಗೆ 41 ರೂಪಾಯಿ 90 ಪೈಸೆ. ಲೀಟರ್ ಲೆಕ್ಕದಲ್ಲಿ ಏರಿಲ್ಲ, ಸರಿ. ಆದರೆ ದಿನಕ್ಕೊಂದು ಪ್ಯಾಕೆಟ್ ಕೊಳ್ಳುವವಳು ಬೇಡವೆಂದರೂ ಆ 50 ಮಿ.ಲೀ.ಗೆ ದುಡ್ಡು ಕೊಡಲೇಬೇಕು, ತಿಂಗಳಿಗೆ 60 ರೂಪಾಯಿ ಕೈಬಿಟ್ಟಿತು. ಅದೂ ಸರಿ. 2025ರ ಏಪ್ರಿಲ್‌ನಿಂದ ಆ 50 ಮಿ.ಲೀ. ನಿಂತು ಲೀಟರಿಗೆ 4 ರೂಪಾಯಿ ಏರಿತು, ಅದು ಬೇರೆ ವಿಷಯ. ಯಾರಾದರೂ ಒಂದು ಅಂಕಿ ಹೇಳಿದ ಕೂಡಲೇ ‘ಯಾವುದಕ್ಕೆ? ಲೀಟರಿಗೋ, ಪ್ಯಾಕೆಟ್ಟಿಗೋ, ಮನೆಗೋ, ಹಸುವಿಗೋ?’ ಅಂತ ಕೇಳೋ ಅಭ್ಯಾಸ ಇಟ್ಟುಕೊಳ್ಳಿ. ಕೇಳಿದ್ರೆ ಯಾರೂ ಬೈಯಲ್ಲ. ಬೈದರೆ ಇನ್ನೊಂದು ಸಾರಿ ಕೇಳಿ.

ಸಂಘದ ಮಾತು ಇರಲಿ, ಮನೆಯ ಮಾತಿಗೆ ಬರ್ತೀವಿ, ಹೊತ್ತಾಯ್ತು. ಹಸು ಬೆದೆಗೆ ಬರೋದು ಸುಮಾರು 21 ದಿನಕ್ಕೊಂದು ಸಾರಿ. ಗಬ್ಬ ನಿಂತರೆ ಸುಮಾರು 280 ದಿನಕ್ಕೆ ಕರು. ಸೂಜಿ ಹಾಕಿಸಿದ ದಿನವನ್ನು ಕೊಟ್ಟಿಗೆ ಗೋಡೆಗೆ ಇದ್ದಲಲ್ಲಿ ಬರೆದಿಟ್ಟರೆ 21ನೇ ದಿನದ ಆಚೀಚೆ ಹಸುವನ್ನು ಕಣ್ಣಿಟ್ಟು ನೋಡಬಹುದು, ಮತ್ತೆ ಬೆದೆಗೆ ಬರದಿದ್ದರೂ ಎರಡು-ಮೂರು ತಿಂಗಳಿಗೆ ಡಾಕ್ಟರ ಕೈಲಿ ಗಬ್ಬ ಪರೀಕ್ಷೆ ಮಾಡಿಸಬಹುದು. ಬರೆಯದೇ ಇದ್ದರೆ ‘ಹಬ್ಬದ ಹಿಂದಿನ ವಾರವೋ ಮುಂದಿನ ವಾರವೋ’ ಅಂತ ಒಂದು ಬೆದೆ ತಪ್ಪುತ್ತೆ. ಹಾಲು ಬತ್ತಿದ ಹಸುವಿಗೆ ದಿನಕ್ಕೆ 150 ರೂಪಾಯಿ ಮೇವು-ಹಿಂಡಿ ಅಂತ ಲೆಕ್ಕಕ್ಕೆ ಹಿಡಿದರೆ 21 ದಿನಕ್ಕೆ 3,150 ರೂಪಾಯಿ. ಒಂದು ಸಾಲು ಇದ್ದಲ ಬರಹಕ್ಕೆ ಇಷ್ಟು ಬೆಲೆ. ನಮ್ಮ ಮನೆಯವರು ಗೋಡೆ ಕೊಳಕಾಗುತ್ತೆ ಅಂತ ಮೊದಮೊದಲು ಬೈದರು. ಈಗ ಅವರೇ ಬರೀತಾರೆ, ನಮ್ಮ ಕೈಬರಹ ಚೆನ್ನಾಗಿಲ್ಲವಂತೆ.

ನಿಮ್ಮ ಕಾರ್ಯದರ್ಶಿಗಳನ್ನು ಬೆಳಿಗ್ಗೆಯೇ ಕೇಳಿಕೊಂಡಿದ್ದೆವು. ಅವರು ಒಪ್ಪಿ, ಹೋದ ಜೂನಿನ ಮತ್ತು ಈ ಜೂನಿನ ಹಾಲಿನ ಲೆಕ್ಕವನ್ನು ಅಚ್ಚು ತೆಗೆಸಿ ಆ ಮೂಲೆಯ ಮೇಜಿನ ಮೇಲೆ ಇಟ್ಟಿದ್ದಾರೆ. ಊಟ ಆದ ಮೇಲೆ ಪಾಸ್ ಪುಸ್ತಕ ತಂದಿರುವವರು ಅಲ್ಲಿಗೆ ಬನ್ನಿ. ಮೊದಲು ನಿಮ್ಮ ನಿಮ್ಮ ಸಾಲು ನೋಡಿಕೊಳ್ಳಿ. ಆಮೇಲೆ ಹೋದ ಜೂನಿನಲ್ಲಿದ್ದು ಈ ಜೂನಿನಲ್ಲಿ ಇಲ್ಲದ ಹೆಸರು ಎಷ್ಟಿವೆ ಅಂತ ಎಲ್ಲರೂ ಸೇರಿ ಎಣಿಸೋಣ. ಶಾಲೆಗೆ ಹೋಗುವ ಮಕ್ಕಳಿದ್ದರೆ ಕರೆತನ್ನಿ, ಅವರು ಬೇಗ ಎಣಿಸ್ತಾರೆ. ನಾವು ಸಂಜೆ ಬಸ್ಸಿನ ತನಕ ಇಲ್ಲೇ ಇರ್ತೀವಿ.